ಅಟ್ಟದವರೆಗೆ ತಂತಿಯನ್ನೊಯ್ಯುವ ಬಗೆ



ನಗರದ ಮನೆಗಳಲ್ಲಿ ಓದಿಗೆಂದೇ ಪ್ರತ್ಯೇಕವಾದ ಕೋಣೆಯಿರುವುದು ಅಪರೂಪ. ಒಬ್ಬನು ಅಡಿಗೆಮನೆಯ ಮೂಲೆಯಲ್ಲಿ, ಇನ್ನೊಬ್ಬಳು ಅಟ್ಟದ ಮೇಲೆ, ಮತ್ತೊಬ್ಬನು ಗ್ಯಾಲರಿಯ ಕೊನೆಯಲ್ಲಿ ಚಾಪೆ ಹಾಸಿಕೊಂಡು ಓದಬೇಕಾಗುತ್ತದೆ. ಅಂತರ್ಜಾಲದ ಪೆಟ್ಟಿಗೆಯಾದ ರೌಟರಾದರೋ ಸಾಮಾನ್ಯವಾಗಿ ಮುಂಬಾಗಿಲ ಬಳಿಯಲ್ಲಿರುತ್ತದೆ. ಪೆಟ್ಟಿಗೆಯಿರುವಲ್ಲಿ ಓದಲು ಸ್ಥಳವಿಲ್ಲ. ಓದುವ ಸ್ಥಳಕ್ಕೆ ಅದರ ಅಲೆ ಮುಟ್ಟುವುದಿಲ್ಲ. ಈ ತೊಡಕನ್ನು ಬಿಡಿಸುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳೆಲ್ಲ ಪರದೆಯ ಮೇಲೆ ನಡೆಯುತ್ತಿದ್ದ ಕಾಲ. ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಪಾಠದ ನಡುವೆ ಪದೇ ಪದೇ ಮಾಯವಾಗುತ್ತಿದ್ದಳು. ಪ್ರಶ್ನೆ ಕೇಳಿದರೆ ಮುಖ ಚಿತ್ರದಂತೆ ನಿಂತುಬಿಡುತ್ತಿತ್ತು; ಮಾತು ಅರ್ಧದಲ್ಲಿ ಕಡಿಯುತ್ತಿತ್ತು. ಮೂರು ದಿನ ನೋಡಿ, ನಾಲ್ಕನೆಯ ದಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಎಂದು ಬರೆದೆನು. “ಮನಸ್ಸಿದ್ದರೆ ಮಾರ್ಗ” ಎಂದು ಎಲ್ಲರೆದುರಿಗೆ ಚುಚ್ಚಿ ನುಡಿದೆನು. ಆ ಮಾತಾದರೂ ಅವಳಿಗೆ ಪೂರ್ಣವಾಗಿ ಕೇಳಿಸಿತೋ ಇಲ್ಲವೋ!

ಕೆಲವು ತಿಂಗಳ ಮೇಲೆ ಪುಸ್ತಕಗಳನ್ನು ಕೊಡಲು ಅವಳ ಮನೆಗೆ ಹೋದೆನು. ಹಳೆಯ ಚಾಳಿನಲ್ಲಿ ಎರಡು ಖೋಲಿಗಳ ಸಂಸಾರ. ಹಿಂದಿನ ಖೋಲಿಯ ಅಟ್ಟದ ಮೇಲೆ ಅವಳ ಪುಸ್ತಕಗಳೂ ಅಣ್ಣನ ಹಳೆಯ ಕಂಪ್ಯೂಟರೂ ಇದ್ದವು. ರೌಟರು ಮುಂದಿನ ಖೋಲಿಯ ಬಾಗಿಲ ಹತ್ತಿರ. ನಡುವೆ ದಪ್ಪನೆಯ ಗೋಡೆ, ಅದಕ್ಕೊರಗಿದ ಉಕ್ಕಿನ ಕಪಾಟು, ಅಟ್ಟದ ಅಂಚಿನಲ್ಲಿ ನೀರಿನ ಟಾಕಿ. ಹುಡುಗಿಯಲ್ಲಿ ಮನಸ್ಸಿತ್ತು; ಇಲ್ಲದಿದ್ದುದು ಮಾರ್ಗವೇ. ತಪ್ಪು ಯಾರದೆಂದು ನನಗೆ ಆಗ ತಿಳಿಯಿತು.

ಅಲೆಯು ಸೋಲುವುದೇಕೆ?

ವೈಫೈ ಎಂಬುದು ರೇಡಿಯೋ ಅಲೆಗಳ ವ್ಯವಸ್ಥೆ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಬಗೆಯ ಅಲೆಗಳಲ್ಲಿ, 2.4 ಗಿಗಾಹರ್ಟ್ಸ್ ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಸುಮಾರು 6 ಸೆಂಟಿಮೀಟರು. ಬಯಲಿನಲ್ಲಿ ಸಹ ದೂರವು ಎರಡರಷ್ಟಾದರೆ ಅಲೆಯ ಬಲವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆಯೊಳಗಾದರೆ ಗೋಡೆಯು ಇನ್ನಷ್ಟನ್ನು ನುಂಗುತ್ತದೆ, ಉಕ್ಕಿನ ಕಪಾಟು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. 5 ಗಿಗಾಹರ್ಟ್ಸಿನ ಅಲೆ ವೇಗವಾಗಿ ಸುದ್ದಿ ಸಾಗಿಸಬಲ್ಲುದಾದರೂ, ಗೋಡೆಯನ್ನು ದಾಟುವುದರಲ್ಲಿ ಇನ್ನೊಂದಕ್ಕಿಂತ ದುರ್ಬಲ.

ಇದಲ್ಲದೆ ಚಾಳಿನಲ್ಲಿ ನೆರೆಹೊರೆಯವರ ರೌಟರುಗಳೂ ಅದೇ ಗಾಳಿಯಲ್ಲಿ ಮಾತನಾಡುತ್ತಿರುತ್ತವೆ. 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಹಾದಿಗಳೆಂದರೆ 1, 6 ಮತ್ತು 11 ಎಂಬ ಮೂರೇ. ಇಪ್ಪತ್ತು ಮನೆಗಳು ಮೂರು ಹಾದಿಗಳಲ್ಲಿ ನಡೆಯಬೇಕಾದರೆ ನೂಕುನುಗ್ಗಲು ಆಗದಿರುವುದೆಂತು?

ತಂತಿಯು ಗೆಲ್ಲುವುದೇಕೆ?

ಮನೆಯೊಳಗೆ ಸುದ್ದಿ ಸಾಗಿಸುವ ಈ ತಂತಿಯ ವ್ಯವಸ್ಥೆಗೆ ಈಥರ್ನೆಟ್ ಎಂದು ಹೆಸರು. ಇದನ್ನು 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಯೋಜಿಸಿದನು. ಡೇವಿಡ್ ಬಾಗ್ಸ್ ಅವನೊಡನೆ ದುಡಿದನು. ಬೆಳಕಿನ ಸಂಚಾರಕ್ಕೆ ಆಧಾರವಾಗಿ ‘ಈಥರ್’ ಎಂಬ ವಸ್ತುವು ಎಲ್ಲೆಡೆಯೂ ತುಂಬಿದೆಯೆಂದು 19ನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. ಆ ನಂಬಿಕೆ ಸುಳ್ಳಾಯಿತು. ಹೆಸರು ಮಾತ್ರ ತಂತಿಗೆ ಅಂಟಿಕೊಂಡು ಉಳಿಯಿತು.

ಇಂದಿನ ತಂತಿಯ ಹೊದಿಕೆಯನ್ನು ಬಿಚ್ಚಿ ನೋಡಿದರೆ ಒಳಗೆ ಎಂಟು ಎಳೆಗಳಿವೆ. ಎರಡೆರಡು ಎಳೆಗಳನ್ನು ಹಗ್ಗದಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹೊಸೆಯುವುದೇಕೆ? ಒಂದು ಎಳೆಯಲ್ಲಿ +1, ಇನ್ನೊಂದರಲ್ಲಿ −1 ಎಂಬ ಸಂಕೇತವನ್ನು ಕಳುಹಿಸಿದೆವೆನ್ನಿ. ಎರಡರ ವ್ಯತ್ಯಾಸ 2. ದಾರಿಯಲ್ಲಿ ಹೊರಗಿನ ವಿದ್ಯುತ್ ಗದ್ದಲವು 3ರಷ್ಟು ಬಂದು ಸೇರಿತು. ಎರಡೂ ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವುದರಿಂದ ಗದ್ದಲವು ಎರಡರ ಮೇಲೂ ಸಮನಾಗಿ ಬೀಳುತ್ತದೆ. ಈಗ ಅವು 4 ಮತ್ತು 2 ಆದವು. ವ್ಯತ್ಯಾಸವು? ಮತ್ತೆ 2! ಆಚೆಯ ಯಂತ್ರವು ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಸುದ್ದಿಯು ಕೆಡುವುದಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಹೊಸೆದ ಜೋಡಿತಂತಿಗೆ ಪೇಟೆಂಟ್ ಪಡೆದಿದ್ದನು.

ಕ್ಯಾಟ್ 5ಈ ಎಂಬ ದರ್ಜೆಯ ತಂತಿಯು 100 ಮೀಟರಿನವರೆಗೆ ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನು ಸಾಗಿಸಬಲ್ಲುದು. ಮನೆಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ತಂತಿಯನ್ನೆಳೆಯುವ ಕ್ರಮ

ಮೊದಲನೆಯದು ಅಳತೆ. ಕಣ್ಣಳತೆಯನ್ನು ನಂಬಬೇಡಿರಿ. ತಂತಿಯು ಹೋಗತಕ್ಕ ದಾರಿಯುದ್ದಕ್ಕೂ ಒಂದು ದಾರವನ್ನು ಹಿಡಿದು, ಆಮೇಲೆ ದಾರವನ್ನು ಅಳೆಯಿರಿ. ಆ ಹುಡುಗಿಯ ಮನೆಯಲ್ಲಿ ರೌಟರಿನಿಂದ ಅಟ್ಟಕ್ಕೆ ನೇರವಾಗಿ 5 ಮೀಟರು. ಗೋಡೆಯಂಚು ಹಿಡಿದು ಹೋದರೆ 14 ಮೀಟರು! ನಾವು 20 ಮೀಟರಿನ ತಂತಿಯನ್ನು ತಂದೆವು.

ಎರಡನೆಯದು ದಾರಿ. ಬಾಡಿಗೆಯ ಮನೆಯಲ್ಲಿ ಗೋಡೆ ಕೊರೆಯಲು ಅಪ್ಪಣೆಯಿರುವುದಿಲ್ಲ. ಕೊರೆಯದೆಯೂ ದಾರಿಯುಂಟು: ಬಾಗಿಲ ಚೌಕಟ್ಟಿನ ಮೇಲಂಚು, ಮರದ ತೊಲೆಯ ಬದಿ, ಏಣಿಯ ಕಾಲು. ಗೋಡೆಗೆ ಪ್ಲಾಸ್ಟಿಕ್ಕಿನ ಕೇಸಿಂಗ್ ಪಟ್ಟಿಯನ್ನು ಅಂಟಿಸಿ, ಅದರೊಳಗೆ ತಂತಿಯಿಟ್ಟು ಮುಚ್ಚಬಹುದು. ಗೋಡೆಯೊಳಗೆ ಖಾಲಿ ಕೊಳವೆಯಿದ್ದರೆ ವಿದ್ಯುತ್ ಕೆಲಸದವನು ಉದ್ದನೆಯ ಬಿರುಸು ತಂತಿಯನ್ನು ತೂರಿಸಿ, ಅದರ ತುದಿಗೆ ಕಟ್ಟಿ ಎಳೆದುಕೊಡುತ್ತಾನೆ. ಎಳೆಯುವಾಗ ಜೊತೆಗೆ ಒಂದು ನೈಲಾನ್ ದಾರವನ್ನೂ ಒಳಗೆ ಬಿಟ್ಟಿರಬೇಕು. ಮುಂದೆ ತಂತಿ ಬದಲಿಸುವವನಿಗೆ ಅದು ಉಪಕಾರಕ್ಕೆ ಬರುತ್ತದೆ.

ಮೂರನೆಯದು ಎಚ್ಚರ. 230 ವೋಲ್ಟಿನ ವಿದ್ಯುತ್ ತಂತಿಯಿರುವ ಕೊಳವೆಯಲ್ಲಿ ಇದನ್ನು ಎಂದಿಗೂ ಸೇರಿಸಕೂಡದು. ಅದರ ಪಕ್ಕದಲ್ಲಿ ಹೋಗಬೇಕಾದರೆ ಒಂದು ಗೇಣಿನ ಅಂತರವಿರಲಿ. ದಾಟಬೇಕಾದರೆ ಅಡ್ಡಲಾಗಿ ದಾಟಲಿ. ತಿರುವಿನಲ್ಲಿ ತಂತಿಯನ್ನು ಮುರಿದಂತೆ ಮಡಿಸದೆ, ಬಳೆಯ ಸುತ್ತಿನಷ್ಟು ಸಡಿಲವಾಗಿ ಬಾಗಿಸಿರಿ. ಗೋಡೆಗೆ ಮೊಳೆ ಹೊಡೆಯುವ, ಕೊರೆಯುವ ಕೆಲಸವನ್ನು ನೀವಾಗಿ ಮಾಡಬೇಡಿರಿ. ಒಳಗೆ ವಿದ್ಯುತ್ ತಂತಿಯಿರಬಹುದು. ತಾಮ್ರದ ತಂತಿಯನ್ನು ಮಾಳಿಗೆಯ ಮೇಲೆ ಬಯಲಿನಲ್ಲಿ ಎಳೆಯುವುದೂ ಸಿಡಿಲಿನ ಕಾರಣದಿಂದ ಅಪಾಯಕರ. ಅಂಥಲ್ಲಿ ವಿದ್ಯುತ್ತನ್ನು ಹಾಯಿಸದ ಗಾಜಿನೆಳೆಯ ಫೈಬರ್ ತಂತಿಯೇ ಲೇಸು.

ಅಂಗಡಿಯಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಅಗ್ಗವಾಗಿ ದೊರೆಯುತ್ತದೆ. ಅದು ಬೇಗ ಮುರಿಯುತ್ತದೆ. ಒಂದು ಎಳೆಯನ್ನು ಚೂರಿಯಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಕೊಳ್ಳಬೇಡಿರಿ.

ನಾಲ್ಕನೆಯದು ತುದಿಯ ಕೆಲಸ. ತುದಿಗೆ ಹಾಕುವ ಪಾರದರ್ಶಕ ಕೊಂಡಿಗೆ ಆರ್‌ಜೆ 45 ಎನ್ನುತ್ತಾರೆ. ಅದರ ಚಿಮ್ಮುಪಟ್ಟಿಯನ್ನು ಆಚೆಗೆ ತಿರುಗಿಸಿ, ಹೊಳೆಯುವ ಲೋಹದ ತುದಿಗಳು ಮೇಲಿರುವಂತೆ ಹಿಡಿದರೆ, ಎಡದಿಂದ ಬಣ್ಣಗಳ ಕ್ರಮ ಇದು: ಕಿತ್ತಳೆ ಪಟ್ಟೆಯ ಬಿಳಿ, ಕಿತ್ತಳೆ, ಹಸುರು ಪಟ್ಟೆಯ ಬಿಳಿ, ನೀಲಿ, ನೀಲಿ ಪಟ್ಟೆಯ ಬಿಳಿ, ಹಸುರು, ಕಂದು ಪಟ್ಟೆಯ ಬಿಳಿ, ಕಂದು. ಎರಡು ತುದಿಗಳಲ್ಲಿಯೂ ಇದೇ ಕ್ರಮವಿರಬೇಕು. ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಬಿಚ್ಚಿದಷ್ಟು ಭಾಗದಲ್ಲಿ ಗದ್ದಲವು ನುಸುಳುತ್ತದೆ. ಇಷ್ಟು ಶ್ರಮವೇಕೆನ್ನುವವರಿಗೆ ಎರಡೂ ತುದಿಗೆ ಕೊಂಡಿ ಹಾಕಿದ ಸಿದ್ಧ ತಂತಿಯೇ ಅಂಗಡಿಯಲ್ಲಿ ಸಿಗುತ್ತದೆ. ನಾವು ತಂದದ್ದೂ ಅದನ್ನೇ.

ಯಾವ ದಾರಿಯೂ ಇಲ್ಲದ ಮನೆಯಲ್ಲಿ ಮತ್ತೊಂದು ಉಪಾಯವಿದೆ. ಗೋಡೆಯ ವಿದ್ಯುತ್ ತಂತಿಗಳ ಮೂಲಕವೇ ಸುದ್ದಿ ಸಾಗಿಸುವ ಪವರ್‌ಲೈನ್ ಎಂಬ ಜೋಡಿ ಪೆಟ್ಟಿಗೆಗಳು ದೊರೆಯುತ್ತವೆ. ಒಂದನ್ನು ರೌಟರಿನ ಬಳಿ, ಇನ್ನೊಂದನ್ನು ಓದುವ ಸ್ಥಳದಲ್ಲಿ, ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕು. ಹಳೆಯ ಮನೆಯ ಸವೆದ ತಂತಿಗಳಲ್ಲಿ ಇವುಗಳ ವೇಗ ಕುಗ್ಗುವುದುಂಟು.

ಆ ಭಾನುವಾರ ಹುಡುಗಿಯ ತಂದೆ ಏಣಿಯ ಮೇಲೆ ನಿಂತರು. ಅವಳು ಪಟ್ಟಿಗಳನ್ನು ಅಳೆದು ಕೊಟ್ಟಳು. ನಾನು ತಂತಿಯನ್ನು ಬಿಚ್ಚುತ್ತ ಹೋದೆನು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಮರುದಿನ ಪಾಠದ ವೇಳೆಯಲ್ಲಿ ನಾನು ಹೆಸರು ಕೂಗಿದಾಗ “ಹಾಜರಿದ್ದೇನೆ, ಗುರುಗಳೇ” ಎಂಬ ಮಾತು ಅಟ್ಟದಿಂದ ಅಖಂಡವಾಗಿ ಬಂದಿತು. ಹಿಂದೆ ಬರೆದಿದ್ದ ಗೈರುಹಾಜರಿಯನ್ನು ಅಂದೇ ತಿದ್ದಿದೆನು.

ಮಕ್ಕಳೇ, ಮನಸ್ಸಿದ್ದರೆ ಮಾರ್ಗವೆಂಬುದು ನಿಜವೇ. ಆದರೆ ಮನಸ್ಸಿದ್ದವರಿಗೆ ಮಾರ್ಗವನ್ನು ಹಾಕಿಕೊಡುವವರೂ ಬೇಕು. ನಿಮ್ಮ ಗೆಳೆಯನ ಮಾತು ನಡುವೆ ಕಡಿದುಹೋದರೆ ನಗಬೇಡಿರಿ. ಅವನ ಮನೆಯ ಗೋಡೆ ಎಷ್ಟು ದಪ್ಪವೆಂದು ಕೇಳಿರಿ.

ಅಭ್ಯಾಸ

1. ನಿಮ್ಮ ಮನೆಯ ನಕ್ಷೆಯನ್ನು ಬರೆದು, ರೌಟರಿನಿಂದ ನೀವು ಓದುವ ಸ್ಥಳಕ್ಕೆ ತಂತಿಯ ದಾರಿಯನ್ನು ಗುರುತಿಸಿರಿ. ದಾರದಿಂದ ಅದನ್ನು ಅಳೆಯಿರಿ.
2. ಜೋಡಿ ಎಳೆಗಳಲ್ಲಿ +2 ಮತ್ತು −2 ಸಂಕೇತಗಳಿವೆ. ಎರಡಕ್ಕೂ 5ರಷ್ಟು ಗದ್ದಲ ಸೇರಿದರೆ ವ್ಯತ್ಯಾಸವೆಷ್ಟು?
3. ಸುದ್ದಿಯ ತಂತಿಯನ್ನು ವಿದ್ಯುತ್ ತಂತಿಯ ಕೊಳವೆಯಲ್ಲಿ ಏಕೆ ಸೇರಿಸಕೂಡದು? ನಿಮ್ಮ ಮಾತಿನಲ್ಲಿ ಬರೆಯಿರಿ.