ಫಾರ್ಮ್ಯಾಟ್ ಒತ್ತುವ ಮುಂಚೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಝೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ, ಬೆಲ್ಲದ ಮಂಡಿಗಳಿಗೆ ಕಂಪ್ಯೂಟರ್ ಹಾಕಿಕೊಡುವುದು ನನ್ನ ಕಸುಬು. ವಿಂಡೋಸ್ ಈಗ ಅರ್ಧ ಗಂಟೆಯಲ್ಲಿ ಕೂತುಬಿಡುತ್ತದೆ. ದಿನವನ್ನೆಲ್ಲ ನುಂಗುವುದು ಆಮೇಲಿನ ಡ್ರೈವರುಗಳು. ಆ ಹೊತ್ತು ಉಳಿಸಬೇಕಾದರೆ ಹಳೆಯ ಡಿಸ್ಕ್ ಅಳಿಸುವ ಮೊದಲೇ ಉಳಿಸಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತ ಮೇಲೆ 11 ಹಾಕಿಸುವವರು ಹೆಚ್ಚಾದರು. ಅದೇ ಸಿಸ್ಟಂಗೆ ಹೊಸದಾಗಿ ಹಾಕುವುದಾದರೆ, ನಾನು ಮೊದಲು ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಎನ್‌ಪಿ ಯುಟಿಲ್‌ನ ಎಕ್ಸ್‌ಪೋರ್ಟ್ ಡ್ರೈವರ್ ಆಜ್ಞೆಯಿಂದ ಇರುವ ಡ್ರೈವರುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತೇನೆ. ಹೊಸ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಿ, ಒಳಗಿನ ಸಬ್‌ಫೋಲ್ಡರುಗಳನ್ನೂ ಹುಡುಕು ಎಂದು ಟಿಕ್ ಹಾಕಿದರೆ ಹೆಚ್ಚಿನ ಹಳದಿ ಗುರುತುಗಳು ಅಲ್ಲೇ ಹೋಗುತ್ತವೆ.

ಹೊಸ ಲ್ಯಾಪ್‌ಟಾಪ್‌ಗೆ ಆ ಅನುಕೂಲ ಇಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಹೋದರೆ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಟವರನ್ನು ಕಂಡಿದ್ದೇನೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಇಂಟೆಲ್‌ನ ವಿಎಂಡಿ ಡ್ರೈವರನ್ನು ಬಿಡಿಸಿ ಪೆನ್‌ಡ್ರೈವ್‌ನಲ್ಲಿಟ್ಟು, ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಎದುರಿಗೆ ಬರುತ್ತದೆ.

ಆಮೇಲೆ ನೆಟ್. ಅದು ಬಾರದೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ. ವೈಫೈ ಡ್ರೈವರ್ ಇಲ್ಲದಿದ್ದರೆ ಮೊಬೈಲನ್ನು ಚಾರ್ಜರ್ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುತ್ತೇನೆ. ಆಂಡ್ರಾಯ್ಡ್ ಫೋನಿಗೆ ಬೇಕಾದದ್ದು ಸಾಮಾನ್ಯವಾಗಿ ವಿಂಡೋಸ್‌ನಲ್ಲೇ ಇರುತ್ತದೆ. ನೆಟ್ ಬಂದ ಮೇಲೆ ಚಿಪ್‌ಸೆಟ್, ಅನಂತರ ವಿಂಡೋಸ್ ಅಪ್‌ಡೇಟ್, ಅದರಲ್ಲಿನ ಆಪ್ಷನಲ್ ಅಪ್‌ಡೇಟ್ಸ್. ಗ್ರಾಫಿಕ್ಸ್, ಸೌಂಡ್ ಎಷ್ಟೋ ಸಲ ಅಲ್ಲೇ ಮುಗಿಯುತ್ತವೆ.

ಇನ್ನೂ ‘ಅನ್‌ನೋನ್ ಡಿವೈಸ್’ ಉಳಿದರೆ ಅದರ ಹಾರ್ಡ್‌ವೇರ್ ಐಡಿ ನೋಡಬೇಕು. 8086 ಎಂದಿದ್ದರೆ ಇಂಟೆಲ್ (1978ರ ಅದರ ಹೆಸರಾಂತ ಚಿಪ್ಪಿನ ಸಂಖ್ಯೆಯೂ ಇದೇ), 10ಇಸಿ ಎಂದಿದ್ದರೆ ರಿಯಲ್‌ಟೆಕ್. ಯಾರದೆಂದು ಗೊತ್ತಾದ ಮೇಲೆ ಆ ಕಂಪನಿಯ ತಾಣದಿಂದಲೋ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೋ ಇಳಿಸಿಕೊಳ್ಳುವುದು. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿಗೆ ಹಾಕುತ್ತೇವೆ ಎನ್ನುವ ಬಿಟ್ಟಿ ಸಾಫ್ಟ್‌ವೇರುಗಳನ್ನು ನಾನು ಅಂಗಡಿಗಳ ಸಿಸ್ಟಂ ಹತ್ತಿರಕ್ಕೂ ಬಿಡುವುದಿಲ್ಲ. ಊರವರ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಆ ಯಂತ್ರದಲ್ಲೇ ಹಾದುಹೋಗುತ್ತವೆ.

ಹೆಚ್ಚು ತಾಳ್ಮೆ ಕೇಳುವುದು ಹೊರಗಿನಿಂದ ಸಿಕ್ಕಿಸುವ ಸಾಮಾನು. ಈ ಕಡೆ ಬಹಳ ಅಂಗಡಿಗಳಲ್ಲಿರುವ ಕೆನಾನ್ ಎಲ್‌ಬಿಪಿ 2900 ಪ್ರಿಂಟರಿಗೆ ಮೊದಲು ಡ್ರೈವರ್ ಹಾಕಲು ಶುರುಮಾಡಬೇಕು, ಅದು ಕೇಳಿದಾಗ ಮಾತ್ರ ಕೇಬಲ್ ಸಿಕ್ಕಿಸಿ ಆನ್ ಮಾಡಬೇಕು. ಇನ್ನು ಥಂಬ್ ಮಿಷಿನ್. ಮಳವಳ್ಳಿ ಹತ್ತಿರದ ಒಂದು ಅಂಗಡಿಯಿಂದ ಹುಡುಗನೊಬ್ಬ ಫೋನ್ ಮಾಡಿದ: “ಅಣ್ಣಾ, ಲೈಟ್ ಉರೀತದೆ, ಡಿವೈಸ್ ಮ್ಯಾನೇಜರಲ್ಲೂ ಬತ್ತದೆ, ಬೆರಳು ಮಾತ್ರ ತಗೊಳ್ತಿಲ್ಲ ಕನಣ್ಣ. ವಯಸ್ಸಾದೋರು ಬಂದು ಕುಂತವ್ರೆ.” ಸರ್ವಿಸಸ್ ಪಟ್ಟಿ ತೆಗೆದು ಆರ್‌ಡಿ ಸರ್ವಿಸ್ ಇದೆಯಾ ನೋಡು ಎಂದೆ. ಇರಲಿಲ್ಲ. ಆಧಾರ್ ಬೆರಳಚ್ಚಿಗೆ ಡ್ರೈವರ್ ಒಂದೇ ಸಾಲದು. ಮಿಷಿನ್ನಿನ ಕಂಪನಿ ಕೊಡುವ ಆರ್‌ಡಿ ಸರ್ವಿಸ್ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಬೆರಳಚ್ಚನ್ನು ಗೂಢಲಿಪಿ ಮಾಡಿ ಕೊಡುವುದು ಅದೇ, ಬ್ರೌಸರ್ ಅದನ್ನು 11100ರಿಂದ 11120ರವರೆಗಿನ ಪೋರ್ಟುಗಳಲ್ಲಿ ಹುಡುಕುತ್ತದೆ. ನಾವು ಮುಂಚೆ ಇಳಿಸಿಟ್ಟ ಡ್ರೈವರ್ ಕಟ್ಟಿನಲ್ಲಿ ಇದು ಬರುವುದಿಲ್ಲ, ಬೇರೆಯಾಗಿಯೇ ಹಾಕಬೇಕು.

ಅದಕ್ಕೇ ಕೆಲಸ ಮುಗಿಸಿ ಏಳುವ ಮುಂಚೆ ಒಂದು ಪ್ರಿಂಟ್ ತೆಗೆಸಿ, ಅಂಗಡಿಯವರದೇ ಬೆರಳು ಇಡಿಸಿ, ಸಿಸ್ಟಂ ರೀಸ್ಟಾರ್ಟ್ ಮಾಡಿಸಿ ಇನ್ನೊಂದು ಸಲ ಇಡಿಸುತ್ತೇನೆ.