28 ಗುಳಿಗೆ, ಮೂರು ತಿಂಗಳ ಎಚ್ಚರ

ಕಾಂಡೋಮ್ ಹರಿದದ್ದು ರಾತ್ರಿ ಹನ್ನೊಂದಕ್ಕೆ ಎಂದಿಟ್ಟುಕೊಳ್ಳಿ. ಅಥವಾ ಹಾಕಿಕೊಂಡೇ ಇರಲಿಲ್ಲ. ಅಥವಾ ಹೆಣ್ಣುಮಗಳೊಬ್ಬಳ ಮೇಲೆ ಬಲಾತ್ಕಾರವಾಗಿದೆ. ಎದುರಿನವರಿಗೆ ಎಚ್‌ಐವಿ ಇದೆಯೋ ಇಲ್ಲವೋ ಗೊತ್ತಿಲ್ಲ. ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿಯಂಥ ಊರಿನಲ್ಲಿ ಆ ಹೊತ್ತಿನಲ್ಲಿ ಯಾರನ್ನು ಕೇಳುವುದು? ಬಹಳಷ್ಟು ಜನ ಯಾರನ್ನೂ ಕೇಳುವುದಿಲ್ಲ. ವಾರವೋ ಹತ್ತು ದಿನವೋ ಒಳಗೊಳಗೇ ಕುದಿದು, ಕೊನೆಗೆ ತಡೆಯಲಾರದೆ ರಕ್ತ ಪರೀಕ್ಷೆಗೆ ಹೋಗುತ್ತಾರೆ. ಅಷ್ಟರಲ್ಲಿ ಸೋಂಕು ತಡೆಯಬಹುದಾಗಿದ್ದ ಔಷಧದ ಗಡುವು ಮುಗಿದಿರುತ್ತದೆ.

ಆ ಔಷಧವನ್ನು ದವಾಖಾನೆಗಳಲ್ಲಿ ಪೆಪ್ ಎನ್ನುತ್ತಾರೆ. ವೈರಸ್ ಮೈಗೆ ತಗುಲಿರಬಹುದು ಎಂಬ ಅನುಮಾನ ಬಂದ ಮೇಲೆ ನುಂಗುವ ಗುಳಿಗೆ ಇದು. 72 ತಾಸಿನೊಳಗೆ ಶುರು ಮಾಡಲೇಬೇಕು. ಮೊದಲ ಎರಡು ತಾಸಿನಲ್ಲೇ ಸಿಕ್ಕರೆ ಅತ್ಯುತ್ತಮ. ಮೂರು ದಿನ ಇದೆಯಲ್ಲ ಎಂದು ನಾಳೆಗೆ ದೂಡುವಂತಿಲ್ಲ. ಒಂದೊಂದು ತಾಸು ಕಳೆದಂತೆ ಔಷಧದ ಬಲ ಕುಗ್ಗುತ್ತದೆ. ವೈರಸ್ ಮೊದಲು ಒಳಚರ್ಮದ ಹತ್ತಿರದ ಕೆಲವೇ ಜೀವಕೋಶಗಳಲ್ಲಿ ಬೀಡುಬಿಟ್ಟು, ಅಲ್ಲಿಂದ ಮೈಯೆಲ್ಲ ಹರಡುತ್ತದೆ. ಈ ಸಣ್ಣ ಬಿಡುವಿನಲ್ಲಿ ಅದು ಮರಿ ಹಾಕದಂತೆ ತಡೆಯುವುದೇ ಗುಳಿಗೆಯ ಕೆಲಸ.

ಘಟನೆಯಾದ ಕೂಡಲೇ ಮಾಡುವುದು ಹೆಚ್ಚೇನಿಲ್ಲ. ಹೊರಭಾಗವನ್ನು ನೀರಿನಿಂದ ತೊಳೆದುಕೊಂಡರೆ ಸಾಕು. ಡೆಟಾಲ್, ನಿಂಬೆಹುಳಿ, ಉಪ್ಪುನೀರು ಹಾಕಿ ಒಳಗೆ ತೊಳೆಯಬಾರದು. ಹಾಗೆ ಮಾಡಿದರೆ ಒಳಚರ್ಮ ಕೆರೆದು ವೈರಸ್ಸಿಗೆ ದಾರಿ ಇನ್ನಷ್ಟು ಸಲೀಸಾಗುತ್ತದೆ. ಸೂಜಿ ಚುಚ್ಚಿಸಿಕೊಂಡ ನರ್ಸ್ ಅಥವಾ ಪೌರಕಾರ್ಮಿಕರು ಗಾಯ ಹಿಂಡಬಾರದು, ಸಾಬೂನು ನೀರಿನಲ್ಲಿ ತೊಳೆದರೆ ಸಾಕು. ಬಲಾತ್ಕಾರವಾಗಿದ್ದರೆ ಮಾತ್ರ, ಸಾಧ್ಯವಾದರೆ ವೈದ್ಯರ ತಪಾಸಣೆಗೆ ಮುಂಚೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಇರುವುದು ಒಳ್ಳೆಯದು. ಮಾಡಿಬಿಟ್ಟಿದ್ದರೂ ಚಿಂತೆಯಿಲ್ಲ, ಔಷಧ ಸಿಗುತ್ತದೆ.

ಮುಂದಿನ ಪ್ರಶ್ನೆ, ಎಲ್ಲಿಗೆ ಹೋಗುವುದು? ಜಮಖಂಡಿ, ಮುಧೋಳ, ಬೀಳಗಿ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಬಾಗಿಲು ತೆರೆಯಲಿ ಎಂದು ಸೋಮವಾರದವರೆಗೆ ಕಾಯಬೇಕಿಲ್ಲ. ಮೊದಲ ಗುಳಿಗೆ ತುರ್ತು ವಿಭಾಗದಲ್ಲಿ ಹಗಲಿರುಳೂ ಇರಬೇಕು ಎಂಬುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ನಿಯಮ. ಅಲ್ಲಿ ಸಿಗದಿದ್ದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ಹೊರಡುವ ಮುನ್ನ 1097ಕ್ಕೆ ಕರೆ ಮಾಡಿ ವಿಚಾರಿಸಬಹುದು. ಇದು ಉಚಿತ ಏಡ್ಸ್ ಸಹಾಯವಾಣಿ.

ಇಲ್ಲೊಂದು ಕಟುಸತ್ಯ ಹೇಳಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಪೆಪ್ ಇರುವುದು ಮುಖ್ಯವಾಗಿ ಸೂಜಿ ಚುಚ್ಚಿಸಿಕೊಂಡ ಆರೋಗ್ಯ ಸಿಬ್ಬಂದಿಗೆ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ. ಇಬ್ಬರ ಒಪ್ಪಿಗೆಯಿಂದಲೇ ಕೂಡಿ, ಕಾಂಡೋಮ್ ಹರಿದು ಬಂದವರು ವೈದ್ಯರಿಂದ ಚೀಟಿ ಬರೆಸಿಕೊಂಡು ಹೊರಗೆ ಕೊಳ್ಳಬೇಕಾಗಬಹುದು. ಅದಕ್ಕೂ ಸಿದ್ಧರಿರಬೇಕು. ‘ಏನಾಯಿತು’ ಎಂದು ವೈದ್ಯರು ಕೇಳಿದಾಗ ಸುತ್ತಿ ಬಳಸದೆ ಹೇಳಿದರೆ ಕೆಲಸ ಬೇಗ ಆಗುತ್ತದೆ. ಎಷ್ಟು ತಾಸಾಯಿತು, ಯಾವ ಬಗೆಯ ಸಂಪರ್ಕ, ಎದುರಿನವರು ಎಆರ್‌ಟಿ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ, ಈ ಮೂರು ಸಂಗತಿ ತಿಳಿದರೆ ಸಾಕು.

ಕೊನೆಯ ಪ್ರಶ್ನೆಗೆ ಕಾರಣವಿದೆ. ಯುರೋಪಿನ 14 ದೇಶಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ 888 ಜೋಡಿಗಳಿದ್ದವು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಮಾತ್ರ ಎಚ್‌ಐವಿ ಇತ್ತು, ಅವರು ಗುಳಿಗೆ ತಪ್ಪಿಸುತ್ತಿರಲಿಲ್ಲ, ರಕ್ತದಲ್ಲಿ ವೈರಸ್ ತೀರಾ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಕಾಂಡೋಮ್ ಇಲ್ಲದೆ ಕೂಡಿದರೂ ಸಂಗಾತಿಗೆ ಅವರಿಂದ ಸೋಂಕು ದಾಟಿದ ಒಂದು ಉದಾಹರಣೆಯೂ ಸಿಗಲಿಲ್ಲ. ಅಂಥವರೊಡನೆ ಕೂಡಿದವರಿಗೆ ಪೆಪ್ ಬೇಕಾಗದೇ ಹೋಗಬಹುದು. ಮುತ್ತು, ಎಂಜಲು, ಸೊಳ್ಳೆ, ಒಂದೇ ತಾಟಿನಲ್ಲಿ ಊಟ, ಇವುಗಳಿಗಂತೂ ಪೆಪ್ ಬೇಡವೇ ಬೇಡ.

ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಯಾವ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಮೊದಲು ಠಾಣೆಗೆ ಹೋಗಿ ಬನ್ನಿ ಎನ್ನುವಂತಿಲ್ಲ. ಬಸಿರು ನಿಲ್ಲದಂತೆ ತಡೆಯುವ ತುರ್ತು ಗುಳಿಗೆಯನ್ನೂ ಅದೇ ಹೊತ್ತಿಗೆ ಕೇಳಿ ಪಡೆಯಬೇಕು. ಅದೂ ಬೇಗ ನುಂಗಿದಷ್ಟು ಒಳ್ಳೆಯದು.

ಗುಳಿಗೆ ಶುರು ಮಾಡುವಾಗಲೇ ಎಚ್‌ಐವಿ, ಕಾಮಾಲೆ (ಹೆಪಟೈಟಿಸ್) ಬಿ ಮತ್ತು ಸಿ, ಸಿಫಿಲಿಸ್, ಮೂತ್ರಪಿಂಡದ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ವರದಿ ಬರಲಿ ಎಂದು ಮೊದಲ ಗುಳಿಗೆ ನಿಲ್ಲಿಸಬಾರದು. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಈ ಮೂರೂ ಕೂಡಿದ ಒಂದೇ ಗುಳಿಗೆ. ದಿನಕ್ಕೊಂದು, 28 ದಿನ. ಮೊದಲ ವಾರ ವಾಕರಿಕೆ, ತಲೆನೋವು, ನಿದ್ದೆಗೇಡು ಕಾಡಬಹುದು, ಆಮೇಲೆ ಇಳಿಯುತ್ತವೆ. ಮೈಮೇಲೆ ಗಂದೆ ಎದ್ದರೆ, ಕಣ್ಣು ಹಳದಿಯಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಕಾಮಾಲೆ ಬಿ ಇದ್ದವರು ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಯಕೃತ್ತು ಕೆರಳುವ ಅಪಾಯವಿದೆ.

ಹೊಟ್ಟೆ ಉರಿಗೆಂದು ಕುಡಿಯುವ ಆಸಿಡಿಟಿ ಔಷಧ, ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಡೊಲುಟೆಗ್ರಾವಿರ್‌ ರಕ್ತಕ್ಕೆ ಸೇರದಂತೆ ಕಟ್ಟಿಹಾಕುತ್ತವೆ. ಪೆಪ್ ನುಂಗಿದ ಎರಡು ತಾಸಿನ ಮೇಲಷ್ಟೇ ಅವನ್ನು ತೆಗೆದುಕೊಳ್ಳಬೇಕು; ಅವನ್ನು ಮೊದಲೇ ನುಂಗಿದ್ದರೆ ಪೆಪ್ಪಿಗೆ ಆರು ತಾಸು ಕಾಯಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ಆ ವಿಷಯ ಮೊದಲೇ ಹೇಳಬೇಕು. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಎರಡು ಕೂಡಿಸಿ ನುಂಗಬೇಡಿ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಸಬೇಡಿ.

ಇಷ್ಟು ಮಾಡಿದವರೂ ಎಡವುವ ಜಾಗ ಬೇರೆಯೇ ಇದೆ, ಅದು ಮನೆ.

ಗುಳಿಗೆ ನುಂಗುತ್ತಿದ್ದೇನಲ್ಲ, ಇನ್ನೇನು ಭಯ ಎಂದು ಗಂಡ ಹೆಂಡತಿಯೊಡನೆ ಎಂದಿನಂತೆ ಮಲಗುತ್ತಾನೆ. ಪೆಪ್ ಬಲವಾದ ಔಷಧ ನಿಜ. ಸೂಜಿ ಚುಚ್ಚಿಸಿಕೊಂಡ ಆರೋಗ್ಯ ಸಿಬ್ಬಂದಿಯ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಳೆಯ ಜಿಡೊವುಡಿನ್ ಒಂದೇ ಸೋಂಕಿನ ಅಪಾಯವನ್ನು ಶೇ 81ರಷ್ಟು ಇಳಿಸಿತ್ತು. ಆದರೂ ನೂರಕ್ಕೆ ನೂರು ಎನ್ನುವ ಔಷಧ ಇದಲ್ಲ. ಒಂದು ವೇಳೆ ಸೋಂಕು ಹತ್ತಿದ್ದರೆ ಮೊದಲ ವಾರಗಳಲ್ಲೇ ರಕ್ತದಲ್ಲಿ ವೈರಸ್ ಉಕ್ಕುತ್ತದೆ, ಪರೀಕ್ಷೆಯಲ್ಲಿ ಇನ್ನೂ ಕಾಣದಿರಬಹುದು, ಮೈಯಲ್ಲಿ ಕಾಯಿಲೆಯ ಸುಳಿವೂ ಇರದಿರಬಹುದು. ಸಂಗಾತಿಗೆ ದಾಟುವ ಸಂಭವ ಹೆಚ್ಚಿರುವುದು ಆಗಲೇ. ಹಾಗಾಗಿ 28 ದಿನವಷ್ಟೇ ಅಲ್ಲ, ಕಡಿಮೆ ಎಂದರೂ ಮೂರನೇ ತಿಂಗಳ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಪ್ರತಿ ಸಲವೂ ಕಾಂಡೋಮ್ ಬೇಕು. ಅಷ್ಟು ದಿನ ರಕ್ತದಾನ ಬೇಡ, ಮಗುವಿನ ಯೋಚನೆಯನ್ನೂ ಮುಂದೂಡಿ. ಎದೆಹಾಲು ಕುಡಿಸುವ ತಾಯಂದಿರು ವೈದ್ಯರೊಡನೆ ಮಾತಾಡಲೇಬೇಕು.

ಮನೆಯೇ ಕಷ್ಟದ ಜಾಗ ಎಂಬುದು ಬರೀ ಊಹೆಯಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕಿತ್ತು, ಹಳ್ಳಿಗಳೂ ಅದರಿಂದ ಹೊರತಾಗಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಸಂಘ ಕಟ್ಟಿ, ಗಿರಾಕಿಗಳು ಕಾಂಡೋಮ್ ಹಾಕುವಂತೆ ಮಾಡಿದರು. ದೊಡ್ಡ ಸಾಧನೆ ಅದು. ಆದರೆ ಅದೇ ಹೆಣ್ಣುಮಕ್ಕಳು ತಾವು ನಂಬಿದ ಗೆಣೆಯನ ಹತ್ತಿರ ಕಾಂಡೋಮ್ ಹೆಸರೆತ್ತಲಾಗುತ್ತಿರಲಿಲ್ಲ. ಎತ್ತಿದರೆ ‘ನನ್ನ ಮ್ಯಾಲೆ ನಂಬಿಕಿಲ್ಲೇನು’ ಎಂಬ ಮಾತು, ಒಮ್ಮೊಮ್ಮೆ ಹೊಡೆತ. ಇದನ್ನು ಬದಲಿಸಲೆಂದು 2010ರ ದಶಕದ ನಡುವಿನಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಆ ಮಹಿಳೆಯರದೇ ಆದ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಸೇರಿ ಮುಧೋಳ, ಜಮಖಂಡಿ ಭಾಗದ 47 ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಕಾರ್ಯಕ್ರಮ ನಡೆಸಿದವು. ಹಿಂಸೆಯನ್ನು ಸಹಿಸಬೇಕಿಲ್ಲ ಎಂಬ ತಿಳಿವಳಿಕೆ, ಒಬ್ಬರಿಗೊಬ್ಬರು ನಿಲ್ಲುವ ಧೈರ್ಯ ಹೆಚ್ಚಿತು. ಗೆಣೆಯರೊಡನೆ ಕಾಂಡೋಮ್ ಬಳಕೆ ಮಾತ್ರ ನಿರೀಕ್ಷಿಸಿದಂತೆ ಏರಲಿಲ್ಲ. ಇಷ್ಟು ಅನುಭವಿ ಸಂಘಕ್ಕೇ ಕಷ್ಟವಾದದ್ದು ಮದುವೆಯಾದ ಗಂಡ-ಹೆಂಡಿರಿಗೆ ಸುಲಭವಾಗುತ್ತದೆಂದು ತಿಳಿಯುವುದು ಭ್ರಮೆ.

ಹಾಗಾದರೆ ಮನೆಯಲ್ಲಿ ಹೇಳುವುದು ಹೇಗೆ? ಎಲ್ಲವನ್ನೂ ಬಿಚ್ಚಿ ಹೇಳುವುದೇ ಸರಿಯಾದ ದಾರಿ, ಆದರೆ ಎಲ್ಲರಿಗೂ ಅದು ಮೊದಲ ದಿನವೇ ಆಗುವುದಿಲ್ಲ. ‘ಒಂದು ಔಷಧ ನಡದೈತಿ, ಮೂರು ತಿಂಗಳು ಕಾಂಡೋಮ್ ಬೇಕಂತ ಡಾಕ್ಟರ್ ಹೇಳ್ಯಾರ’ ಎಂದಾದರೂ ಶುರು ಮಾಡಬಹುದು. ಅದು ಸುಳ್ಳೂ ಅಲ್ಲ. ತಾಲ್ಲೂಕು ಆಸ್ಪತ್ರೆಯ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರದಲ್ಲಿ (ಐಸಿಟಿಸಿ) ಆಪ್ತ ಸಮಾಲೋಚಕರಿದ್ದಾರೆ. ಇಬ್ಬರನ್ನೂ ಕೂರಿಸಿ ಮಾತಾಡುವುದು ಅವರ ಕೆಲಸವೇ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆಲ್ಲ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಹೊಡೆತದ ಭಯವಿರುವ ಹೆಣ್ಣುಮಕ್ಕಳು ಮನೆಯಲ್ಲಿ ಹೇಳುವ ಮುಂಚೆ ಸಮಾಲೋಚಕರಿಗೆ ಹೇಳಲಿ. 181 ಮಹಿಳಾ ಸಹಾಯವಾಣಿಯೂ ಇದೆ.

ಕಾಂಡೋಮ್ ಬಳಕೆ ಎಲ್ಲರಿಗೂ ಗೊತ್ತು ಎಂದುಕೊಳ್ಳುವುದರಿಂದಲೇ ಅದು ಹರಿಯುವುದು. ಅವಧಿ ಮುಗಿಯುವ ದಿನಾಂಕ ನೋಡಿ. ಪಾಕೀಟಿನಲ್ಲಿ, ಬೈಕಿನ ಟ್ಯಾಂಕ್ ಕವರಿನಲ್ಲಿ ಇಟ್ಟದ್ದು ನಮ್ಮ ಬಿಸಿಲಿಗೆ ಕೆಡುತ್ತದೆ. ಹಲ್ಲಿನಿಂದ ಹರಿದು ತೆಗೆಯಬೇಡಿ. ತುದಿಯನ್ನು ಚಿವುಟಿ ಗಾಳಿ ತೆಗೆದು, ಬುಡದವರೆಗೆ ಬಿಡಿಸಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಸವರಿದರೆ ರಬ್ಬರ್ ನಿಮಿಷಗಳಲ್ಲಿ ಸಡಿಲಾಗುತ್ತದೆ. ನೀರಿನಂಶದ ಜೆಲ್ ಮಾತ್ರ ಆಗುತ್ತದೆ. ಗಟ್ಟಿ ಇರಲಿ ಎಂದು ಎರಡು ಹಾಕಿದರೆ ಉಜ್ಜಿ ಎರಡೂ ಹರಿಯಬಹುದು. ಮುಗಿದ ಕೂಡಲೇ ಬುಡ ಹಿಡಿದು ಹೊರತೆಗೆಯಬೇಕು. 1968ರಿಂದ ಸರ್ಕಾರ ಹಂಚುತ್ತಿರುವ ನಿರೋಧ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಐಸಿಟಿಸಿಯಲ್ಲೂ ಪುಕ್ಕಟೆ ಸಿಗುತ್ತದೆ. ಪೆಪ್ ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ, ಅವುಗಳಿಗೂ ಕಾಂಡೋಮೇ ತಡೆ. ಉರಿಮೂತ್ರ, ಹುಣ್ಣು, ಕೀವು ಕಂಡರೆ ಲೈಂಗಿಕ ರೋಗಗಳಿಗೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಹೋಗಿ.

ಎಚ್‌ಐವಿ ಪರೀಕ್ಷೆಗೆ ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು ಹೋಗಬೇಕು. ನಡುವೆ ಜ್ವರ, ಗಂಟಲುನೋವು, ಕುತ್ತಿಗೆಯಲ್ಲಿ ಗಡ್ಡೆ ಬಂದರೆ ಕಾಯದೆ ಹೋಗಿ.

ಪೆಪ್ ನಡೆಯುತ್ತಿರುವಾಗಲೇ ಮತ್ತೊಮ್ಮೆ ಕಾಂಡೋಮ್ ಹರಿದರೆ ಮುಚ್ಚಿಡಬೇಡಿ; 28 ದಿನದ ಲೆಕ್ಕವನ್ನು ವೈದ್ಯರು ಮುಂದಕ್ಕೆ ಬೆಳೆಸಬೇಕಾಗಬಹುದು. ಪದೇ ಪದೇ ಹೀಗಾಗುವ ಬದುಕು ಇದ್ದವರು ಪ್ರತಿ ಸಲ ಪೆಪ್ಪಿಗೆ ಓಡುವ ಬದಲು, ಸಂಪರ್ಕಕ್ಕೆ ಮುಂಚಿನಿಂದಲೇ ನುಂಗುವ ಪ್ರೆಪ್ ಬಗ್ಗೆ ಕೇಳಬೇಕು. 28ನೇ ಗುಳಿಗೆ ಮುಗಿಯುವ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲ ಎಂದಾದರೆ ನಡುವೆ ಬಿಡುವು ಕೊಡದೆ ಮರುದಿನದಿಂದಲೇ ಅದನ್ನು ಶುರು ಮಾಡಬಹುದು. ಅದಾದ ಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ, ಆಗಾಗ ಮೂತ್ರಪಿಂಡದ ಪರೀಕ್ಷೆ ಇರುತ್ತವೆ.