ಸಂಸತ್ತಿಗೆ ನೀವೂ ಅರ್ಜಿ ಸಲ್ಲಿಸಬಹುದು

ಮತ ಹಾಕಿದರೆ ಮುಗಿಯಿತು, ಮುಂದಿನ ಚುನಾವಣೆವರೆಗೆ ಸಂಸತ್ತಿನಲ್ಲಿ ನಮಗೇನು ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಮಸೂದೆ ಇನ್ನೂ ಸದನದಲ್ಲಿರುವಾಗಲೇ ಅದರ ಬಗ್ಗೆ ಅರ್ಜಿ ಸಲ್ಲಿಸಲು ನಾಗರಿಕರಿಗೆ ಅವಕಾಶವಿದೆ. ಅದನ್ನು ಬಳಸಿಕೊಳ್ಳಲು ಸಂಸತ್ತಿನ ಸ್ವರೂಪ ಗೊತ್ತಿರಬೇಕು.

ರಚನೆ

ಸಂವಿಧಾನದ 79ನೇ ವಿಧಿಯಂತೆ ರಾಷ್ಟ್ರಪತಿ, ರಾಜ್ಯಸಭೆ, ಲೋಕಸಭೆ ಮೂರೂ ಸೇರಿದರೆ ಸಂಸತ್ತು. ಲೋಕಸಭೆಯ 543 ಸದಸ್ಯರನ್ನು ಮತದಾರರು ನೇರವಾಗಿ ಆರಿಸುತ್ತಾರೆ. ಕರ್ನಾಟಕದ ಕ್ಷೇತ್ರಗಳು 28. ರಾಜ್ಯಸಭೆಯ 245 ಸ್ಥಾನಗಳಲ್ಲಿ 12 ನಾಮಕರಣಕ್ಕೆ ಮೀಸಲು. ಉಳಿದವರನ್ನು ಶಾಸಕರು ಚುನಾಯಿಸುತ್ತಾರೆ. ನಮ್ಮ ರಾಜ್ಯದಿಂದ ಹೋಗುವವರು 12 ಮಂದಿ. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ.

ಅಧಿಕಾರ ಮತ್ತು ಮಿತಿ

ಕಾನೂನಿನ ಆಧಾರವಿಲ್ಲದೆ ಸರ್ಕಾರ ಒಂದು ರೂಪಾಯಿ ತೆರಿಗೆಯನ್ನೂ ವಸೂಲಿ ಮಾಡುವಂತಿಲ್ಲ ಎನ್ನುತ್ತದೆ 265ನೇ ವಿಧಿ. ಮಂತ್ರಿಮಂಡಲ ಲೋಕಸಭೆಗೆ ಹೊಣೆ. ಅಲ್ಲಿ ವಿಶ್ವಾಸ ಕಳೆದುಕೊಂಡರೆ ಅಧಿಕಾರ ಬಿಡಬೇಕು. ಧನ ಮಸೂದೆ ಲೋಕಸಭೆಯಲ್ಲೇ ಮಂಡನೆಯಾಗಬೇಕು. ರಾಜ್ಯಸಭೆ 14 ದಿನಗಳಲ್ಲಿ ಶಿಫಾರಸು ಮಾಡಬಹುದೇ ಹೊರತು ತಡೆಯಲಾಗದು. ಸಾಮಾನ್ಯ ಮಸೂದೆಯಲ್ಲಿ ಎರಡೂ ಸದನಗಳಿಗೆ ಒಮ್ಮತ ಬಾರದಿದ್ದರೆ ಜಂಟಿ ಅಧಿವೇಶನ ಕರೆಯಬಹುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಅಂಗೀಕಾರವಾದದ್ದು ಹೀಗೆ.

ಆದರೆ ಸಂಸತ್ತಿಗೂ ಎಲ್ಲೆಯಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಅಳಿಸಲಾಗದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಪು ಕೊಟ್ಟಿತು.

ಲೋಕಸಭೆಗೆ ಅರ್ಜಿ ಹೇಗೆ?

* ವಿಷಯ: ಮಂಡನೆಯಾದ ಮಸೂದೆ, ಸದನದ ಮುಂದಿರುವ ಕಲಾಪ ಅಥವಾ ಸಾರ್ವಜನಿಕ ಹಿತದ ಸಂಗತಿ. ನ್ಯಾಯಾಲಯದಲ್ಲಿರುವ ವಿವಾದ, ರಾಜ್ಯ ಶಾಸಕಾಂಗಕ್ಕೆ ಸೇರಿದ ವಿಚಾರ, ಕಾನೂನಿನಲ್ಲೇ ಬೇರೆ ಪರಿಹಾರವಿರುವ ದೂರು ಇಲ್ಲಿ ನಿಲ್ಲುವುದಿಲ್ಲ.
* ಭಾಷೆ: ಕನ್ನಡದಲ್ಲೇ ಬರೆಯಬಹುದು. ಜೊತೆಗೆ ನೀವು ಸಹಿ ಮಾಡಿದ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇರಬೇಕು. ಮಾತು ಸಭ್ಯವಾಗಿರಲಿ.
* ಬರೆಯುವ ರೀತಿ: ಅರ್ಜಿ ಲೋಕಸಭೆಯನ್ನು ಉದ್ದೇಶಿಸಿರಲಿ. ಸಂಗತಿಯನ್ನು ಚಿಕ್ಕದಾಗಿ ಹೇಳಿ, ಏನಾಗಬೇಕು ಎಂಬ ಸ್ಪಷ್ಟ ಕೋರಿಕೆಯೊಂದಿಗೆ ಮುಗಿಸಿ.
* ಸಹಿ: ಪ್ರತಿಯೊಬ್ಬ ಅರ್ಜಿದಾರರ ಪೂರ್ಣ ಹೆಸರು, ವಿಳಾಸ, ಸಹಿ ಬೇಕು. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿದರೆ ಸಾಕು. ಪತ್ರ, ಪ್ರಮಾಣಪತ್ರ ಮುಂತಾದ ದಾಖಲೆ ಲಗತ್ತಿಸಬಾರದು.
* ಸಲ್ಲಿಕೆ: ಸಂಸದರು ಮೇಲುಸಹಿ ಮಾಡಿ ಸದನದಲ್ಲಿ ಮಂಡಿಸಬಹುದು, ಇಲ್ಲವೇ ನೀವೇ ಲೋಕಸಭೆಯ ಮಹಾಕಾರ್ಯದರ್ಶಿಗೆ ಕಳುಹಿಸಬಹುದು.

ಸ್ಪೀಕರ್ ಒಪ್ಪಿಗೆಯ ನಂತರ ಅರ್ಜಿಗಳ ಸಮಿತಿ ಪರಿಶೀಲಿಸಿ ಸದನಕ್ಕೆ ವರದಿ ಕೊಡುತ್ತದೆ. ಸಮಿತಿಯ ಶಿಫಾರಸು ನ್ಯಾಯಾಲಯದ ಆದೇಶದಂತಲ್ಲ. ಆದರೂ ನಿಮ್ಮ ಮಾತು ಸದನದ ದಾಖಲೆ ಸೇರುತ್ತದೆ, ಸಚಿವಾಲಯದಿಂದ ವಿವರಣೆ ಕೇಳಲು ದಾರಿಯಾಗುತ್ತದೆ.

ಕಾನೂನು ಬಂದ ಮೇಲೆ ಕೊರಗುವುದಕ್ಕಿಂತ ಮಸೂದೆಯಾಗಿರುವಾಗಲೇ ಓದಿ, ಊರವರೊಂದಿಗೆ ಚರ್ಚಿಸಿ, ಅರ್ಜಿ ಬರೆಯಿರಿ. ನಿಮ್ಮ ಸಂಸದರನ್ನು ಕಂಡು ಅದನ್ನು ಮಂಡಿಸುವಂತೆ ಕೇಳಿ.